ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ 11 ಮತ್ತು ಉಬುಂಟು: ಡಿಸ್ಕ್ ಪಾಲು ಮಾಡುವುದರಿಂದ ಬೂಟ್ ಮೆನುವಿನವರೆಗೆ

ಕಾಲೇಜಿನ ಪ್ರೋಗ್ರಾಮಿಂಗ್ ಲ್ಯಾಬಿಗೆ ಲಿನಕ್ಸ್ ಬೇಕು, ಮನೆಯ ಲೆಕ್ಕಪತ್ರದ ತಂತ್ರಾಂಶಕ್ಕೆ ವಿಂಡೋಸ್ ಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತಗಳನ್ನು ತಿದ್ದಬೇಕಾದವರಿಗಂತೂ ವಿಂಡೋಸನ್ನು ಪೂರ್ತಿ ಬಿಡುವುದು ಕಷ್ಟ. ಇರುವುದು ಒಂದೇ ಲ್ಯಾಪ್‌ಟಾಪ್ ಆದರೆ ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಹಾಕಿಕೊಳ್ಳುವುದೇ ದಾರಿ. ಇದನ್ನು ಡ್ಯುಯಲ್ ಬೂಟ್ ಎನ್ನುತ್ತಾರೆ.

ಈ ಕೆಲಸದಲ್ಲಿ ಡೇಟಾ ಹೋಗುವುದು ಹೆಚ್ಚಾಗಿ ಲಿನಕ್ಸಿನ ಒಂದು ಬಗೆಯಾದ ಉಬುಂಟು ಹಾಕುವ ಹೊತ್ತಿನಲ್ಲೇ, ಆದರೆ ಕಾರಣ ಅದಕ್ಕೂ ಮುಂಚಿನದು: ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಎಂದು ತಿಳಿಯದೆ ಇನ್‌ಸ್ಟಾಲರ್ ತೆರೆದಿರುತ್ತಾರೆ. ಆದ್ದರಿಂದ ಮುಕ್ಕಾಲು ಪಾಲು ಕೆಲಸವನ್ನು ವಿಂಡೋಸಿನೊಳಗೇ ಕೂತು ಮುಗಿಸಬೇಕು. ಅಷ್ಟು ಸರಿಯಾಗಿ ಆದರೆ ಉಳಿದದ್ದು ಅರ್ಧ ಗಂಟೆಯ ಕೆಲಸ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 512 ಜಿಬಿ ಎಸ್‌ಎಸ್‌ಡಿ ಇರುವ, ವಿಂಡೋಸ್ 11 ಮೊದಲೇ ಹಾಕಿ ಬಂದ ಲ್ಯಾಪ್‌ಟಾಪ್ ಮತ್ತು ಉಬುಂಟು 24.04 ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ). ಲಿನಕ್ಸ್ ಮಿಂಟ್ 22 ಕೂಡ ಇದೇ ಉಬುಂಟುವಿನ ಮೇಲೆ ಕಟ್ಟಿದ್ದು. ಅದರ ಇನ್‌ಸ್ಟಾಲರಿನ ಪರದೆಗಳು ಬೇರೆ, ಡಿಸ್ಕಿನ ಲೆಕ್ಕ ಅದೇ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಕೈಗೆ ಬೇಕಾದವು

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದು, ಉಬುಂಟುವಿಗೆ. ಅಷ್ಟೇ ದೊಡ್ಡದು ಇನ್ನೊಂದು, ವಿಂಡೋಸಿನ ಇನ್‌ಸ್ಟಾಲೇಶನ್ ಪೆನ್‌ಡ್ರೈವ್ ಮಾಡಿಡಲು. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್, ಅದೇ ಬೂಟ್ ಆಗುತ್ತಿಲ್ಲ ಎಂದಾಗ ಅದನ್ನು ತಯಾರಿಸಲು ಬೇರೆ ಯಂತ್ರ ಹುಡುಕಬೇಕಾಗುತ್ತದೆ. ಆದ್ದರಿಂದ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಈಗಲೇ ಮಾಡಿಡಿ.

ಜೊತೆಗೆ ಹೊರಗಿನ ಹಾರ್ಡ್ ಡಿಸ್ಕ್ ಬೇಕು. ಫೋಟೊ, ದಾಖಲೆ, ಪ್ರಾಜೆಕ್ಟು, ಬ್ರೌಸರಿನ ಬುಕ್‌ಮಾರ್ಕು ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ನಾಲ್ಕಾರು ಫೈಲು ತೆರೆದು ನೋಡಿ, ಆಮೇಲೆ ಡಿಸ್ಕನ್ನು ಕಳಚಿಡಿ. ಸಿಕ್ಕಿಸಿಯೇ ಬಿಟ್ಟರೆ ಇನ್‌ಸ್ಟಾಲರ್ ಅದನ್ನೂ ಪಟ್ಟಿಯಲ್ಲಿ ತೋರಿಸುತ್ತದೆ. ತಪ್ಪು ಡಿಸ್ಕ್ ಆರಿಸುವ ಅವಕಾಶವನ್ನೇ ಇಡಬಾರದು.

ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಪಾರ್ಟಿಶನ್ (ಡಿಸ್ಕಿನ ಒಂದು ಪಾಲು) ಕುಗ್ಗುತ್ತಿರುವಾಗ ಕರೆಂಟು ಹೋದರೆ ಆ ಪಾರ್ಟಿಶನ್ನಿನ ಫೈಲ್‌ಸಿಸ್ಟಮ್ ಅರ್ಧಂಬರ್ಧ ಉಳಿಯುತ್ತದೆ.

ಮೊದಲು ಡಿಸ್ಕಿನ ನಕ್ಷೆ ಓದಿ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್‌ಫೋ32 ಎಂದು ಟೈಪ್ ಮಾಡಿ. ಬರುವ ಪರದೆಯಲ್ಲಿ ಬಯೋಸ್ ಮೋಡ್ ಎದುರು ಯುಇಎಫ್‌ಐ ಎಂದಿರಬೇಕು. ಬಯೋಸ್ ಎಂದರೆ ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ, ಯುಇಎಫ್‌ಐ ಅದರ ಹೊಸ ರೂಪ. ಲೆಗಸಿ ಎಂದಿದ್ದರೆ ಅದು ಹಳೆಯ ಪದ್ಧತಿ. ಅದಕ್ಕೆ ಮುಂದೆ ಬೇರೆ ಮಾತು ಇದೆ.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಸ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು: ಶುರುವಿನಲ್ಲಿ 100 ಎಂಬಿ ಅಥವಾ 260 ಎಂಬಿಯ ಇಎಫ್‌ಐ ಸಿಸ್ಟಮ್ ಪಾರ್ಟಿಶನ್, ನಂತರ ದೊಡ್ಡ ಸಿ ಡ್ರೈವ್, ಕೊನೆಯಲ್ಲಿ ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಶನ್. ಇಎಫ್‌ಐ ಮತ್ತು ಸಿ ನಡುವೆ 16 ಎಂಬಿಯ ಇನ್ನೊಂದು ಪಾರ್ಟಿಶನ್ ಇರುತ್ತದೆ. ಮೈಕ್ರೋಸಾಫ್ಟ್ ತನಗಾಗಿ ಕಾದಿಟ್ಟ ಅದನ್ನು ಡಿಸ್ಕ್ ಮ್ಯಾನೇಜ್‌ಮೆಂಟ್ ತೋರಿಸುವುದಿಲ್ಲ, ಉಬುಂಟು ತೋರಿಸುತ್ತದೆ. ಅಲ್ಲಿ ಅದನ್ನು ಕಂಡಾಗ ಬೇಡದ್ದೆಂದು ಅಳಿಸಬೇಡಿ.

ಇವುಗಳಲ್ಲಿ ಚಿಕ್ಕದಾದರೂ ಮುಖ್ಯವಾದದ್ದು ಇಎಫ್‌ಐ ಪಾರ್ಟಿಶನ್. ಫ್ಯಾಟ್32 ಮಾದರಿಯ ಈ ಪುಟ್ಟ ಜಾಗದಲ್ಲಿ ವಿಂಡೋಸ್ ಬೂಟ್ ಆಗಲು ಬೇಕಾದ ಫೈಲುಗಳಿವೆ. ಉಬುಂಟು ಕೂಡ ತನ್ನ ಫೈಲುಗಳನ್ನು ಇದರೊಳಗೇ ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ಅದಕ್ಕೆ ಕೆಲವೇ ಎಂಬಿ ಸಾಕು, ಹಾಗಾಗಿ 100 ಎಂಬಿ ಇದ್ದರೂ ಉಬುಂಟುವಿಗೆ ತೊಂದರೆಯಿಲ್ಲ. ಪಾಪ್ ಓಎಸ್‌ನಂತಹ ಕೆಲವು ಲಿನಕ್ಸ್‌ಗಳು ಕರ್ನಲನ್ನೂ (ವ್ಯವಸ್ಥೆಯ ತಿರುಳಾದ ತಂತ್ರಾಂಶ) ಇಲ್ಲೇ ಇಡುವುದರಿಂದ ಅವಕ್ಕೆ ಈ ಜಾಗ ಸಾಲುವುದಿಲ್ಲ. ಮೊದಲ ಸಲ ಡ್ಯುಯಲ್ ಬೂಟ್ ಮಾಡುವವರು ಅವುಗಳ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಡಿಸ್ಕ್ 0 ಎಂಬ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ವಾಲ್ಯೂಮ್ಸ್ ಪುಟಕ್ಕೆ ಹೋದರೆ ಪಾರ್ಟಿಶನ್ ಸ್ಟೈಲ್ ಕಾಣುತ್ತದೆ. ಜಿಪಿಟಿ (ಪಾರ್ಟಿಶನ್ನುಗಳ ಪಟ್ಟಿ ಇಡುವ ಹೊಸ ಪದ್ಧತಿ) ಎಂದಿದ್ದರೆ ಸರಿ. ಈಗ ಒಂದು ಹಾಳೆಯಲ್ಲಿ ಎಲ್ಲ ಪಾರ್ಟಿಶನ್ನುಗಳ ಕ್ರಮ ಮತ್ತು ಗಾತ್ರವನ್ನು ಬರೆದುಕೊಳ್ಳಿ. ಜಮೀನು ಹಿಸ್ಸೆ ಮಾಡುವ ಮೊದಲು ಚಕ್ಕುಬಂದಿ ಬರೆಯುವ ಹಾಗೆ. ಇನ್‌ಸ್ಟಾಲರಿನಲ್ಲಿ ಸಿ, ಡಿ ಎಂಬ ಅಕ್ಷರಗಳು ಇರುವುದಿಲ್ಲ. ಅಲ್ಲಿ ಗುರುತು ಹಿಡಿಯಲು ಉಳಿಯುವುದು ಗಾತ್ರ ಮತ್ತು ಕ್ರಮ ಮಾತ್ರ.

ಬರೆಯುವಾಗ ಒಂದು ವಿಷಯ ಗಮನದಲ್ಲಿರಲಿ. 512 ಜಿಬಿ ಡಿಸ್ಕನ್ನು ವಿಂಡೋಸ್ 476 ಜಿಬಿ ಎಂದು ತೋರಿಸುತ್ತದೆ, ಉಬುಂಟು ಇನ್‌ಸ್ಟಾಲರ್ 512 ಎಂದೇ ತೋರಿಸುತ್ತದೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸಿದರೆ ಉಬುಂಟು 1000ದ ಲೆಕ್ಕದಲ್ಲಿ ಎಣಿಸುತ್ತದೆ. ವಿಂಡೋಸಿನ 100 ಜಿಬಿ ಅಲ್ಲಿ 107.37 ಜಿಬಿ, 120 ಜಿಬಿ ಅಲ್ಲಿ 128.85 ಜಿಬಿ. ಹಾಳೆಯಲ್ಲಿ ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದರೆ ಆ ಹೊತ್ತಿನಲ್ಲಿ ಗಲಿಬಿಲಿಯಾಗುವುದಿಲ್ಲ.

ಹಳೆಯ ಎಂಬಿಆರ್ ಡಿಸ್ಕ್ ಆದರೆ

ಜಿಪಿಟಿಗಿಂತ ಮುಂಚಿನ ಎಂಬಿಆರ್ ಪದ್ಧತಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಮಾಡಲು ಬರುವುದಿಲ್ಲ. ಮಾಮೂಲಿ 512 ಬೈಟ್ ಸೆಕ್ಟರ್ ಇರುವ ಡಿಸ್ಕಿನಲ್ಲಿ 2 ಟಿಬಿ ಆಚೆಗಿನ ಜಾಗವೂ ಅದಕ್ಕೆ ಸಿಗದು. ನಾಲ್ಕು ಈಗಾಗಲೇ ತುಂಬಿದ್ದು ನೀವು ಐದನೆಯದಕ್ಕೆ ಹೋದರೆ, ಡಿಸ್ಕನ್ನು ಡೈನಾಮಿಕ್ ಆಗಿ ಬದಲಿಸಲೇ ಎಂದು ವಿಂಡೋಸ್ ಕೇಳುತ್ತದೆ. ಒಪ್ಪಬೇಡಿ. ಡೈನಾಮಿಕ್ ಡಿಸ್ಕಿನ ಮೇಲೆ ಉಬುಂಟು ಇನ್‌ಸ್ಟಾಲರ್ ಕೆಲಸ ಮಾಡುವುದಿಲ್ಲ, ಅಲ್ಲಿಂದ ಹಿಂದಕ್ಕೆ ಬರಲು ಡಿಸ್ಕನ್ನೇ ಖಾಲಿ ಮಾಡಬೇಕಾಗಬಹುದು.

ಯಂತ್ರ ಯುಇಎಫ್‌ಐ ಬೆಂಬಲಿಸುವುದಾದರೆ ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಉಪಕರಣ ಡೇಟಾ ಅಳಿಸದೆ ಡಿಸ್ಕನ್ನು ಜಿಪಿಟಿಗೆ ಬದಲಿಸುತ್ತದೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇರಬಾರದು ಎಂಬುದು ಅದರ ಷರತ್ತು. ಬದಲಾದ ಮೇಲೆ ಬಯೋಸಿನಲ್ಲಿ ಲೆಗಸಿಯಿಂದ ಯುಇಎಫ್‌ಐಗೆ ಹೊರಳಿಸಿದರೆ ಮಾತ್ರ ವಿಂಡೋಸ್ ಬೂಟ್ ಆಗುತ್ತದೆ.

ವಿಂಡೋಸಿನಲ್ಲಿ ಮುಗಿಸಬೇಕಾದ ಮೂರು ಕೆಲಸ

ಮೊದಲನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿನ ಡೇಟಾವನ್ನು ಗೂಢಲಿಪಿಗೆ ಬದಲಿಸಿ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದ ಬಹುಪಾಲು ಯಂತ್ರಗಳಲ್ಲಿ ಇದರ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿ ಆನ್ ಆಗಿರುತ್ತದೆ. ಅದು ಆನ್ ಇದೆ ಎಂದು ಎಷ್ಟೋ ಬಳಕೆದಾರರಿಗೆ ಗೊತ್ತೇ ಇರುವುದಿಲ್ಲ. ಬಯೋಸಿನಲ್ಲಿ ಏನಾದರೂ ಬದಲಿಸಿದ ಮೇಲೆ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಿದಾಗಲೇ ತಿಳಿಯುವುದು. ಸೆಟ್ಟಿಂಗ್ಸ್‌ನ ಪ್ರೈವಸಿ ಆಂಡ್ ಸೆಕ್ಯುರಿಟಿ ವಿಭಾಗದಲ್ಲಿ ನೋಡಿ. ಆನ್ ಇದ್ದರೆ, ಮೈಕ್ರೋಸಾಫ್ಟ್ ಖಾತೆಯ ಡಿವೈಸಸ್ ಪುಟದಿಂದ ಆ ಕೀಯನ್ನು ತೆಗೆದು ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಫೈಲ್ ಮಾಡಿ ಉಳಿಸಿದರೆ ಬೇಕಾದಾಗ ಸಿಗದು.

ಆಮೇಲೆ ಎನ್‌ಕ್ರಿಪ್ಶನ್ ಆಫ್ ಮಾಡುವುದು ಸುಲಭದ ದಾರಿ. ಡಿಸ್ಕಿನ ಗಾತ್ರ ನೋಡಿಕೊಂಡು ಅರ್ಧ ಗಂಟೆಯಿಂದ ಕೆಲವು ಗಂಟೆ ಹಿಡಿಯುತ್ತದೆ, ಪೂರ್ತಿ ಮುಗಿಯುವವರೆಗೆ ಕಾಯಿರಿ. ಉಬುಂಟು ಹಾಕಿಯಾದ ನಂತರ ಮತ್ತೆ ಆನ್ ಮಾಡಿಕೊಳ್ಳಬಹುದು. ಆಗ ಉಬುಂಟು ತರುವ ಗ್ರಬ್ ಎಂಬ ಬೂಟ್ ಮೆನುವಿನಿಂದ ವಿಂಡೋಸಿಗೆ ಹೋದರೆ ಕೆಲವು ಯಂತ್ರಗಳು ಪ್ರತಿ ಸಲ ಕೀ ಕೇಳುತ್ತವೆ. ಹಾಗಾದರೆ ಕಂಪ್ಯೂಟರಿನ ಸ್ವಂತ ಬೂಟ್ ಮೆನುವಿನಿಂದ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಎನ್‌ಕ್ರಿಪ್ಶನ್ ಮುಟ್ಟುವ ಮೊದಲು ಅಲ್ಲಿನ ಐಟಿ ವಿಭಾಗವನ್ನು ಕೇಳಲೇಬೇಕು.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇರುವಾಗ ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಅದೇ ಪಾರ್ಟಿಶನ್ನಿಗೆ ಬರೆದರೆ ಫೈಲುಗಳು ಕೆಡಬಹುದು. ಅದಕ್ಕೇ ಲಿನಕ್ಸ್ ಅಂತಹ ಪಾರ್ಟಿಶನ್ನನ್ನು ತೆರೆಯಲು ಒಪ್ಪುವುದಿಲ್ಲ, ಇಲ್ಲವೇ ಓದಲು ಮಾತ್ರ ಬಿಡುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಚೂಸ್ ವಾಟ್ ದ ಪವರ್ ಬಟನ್ಸ್ ಡೂ ಎಂಬಲ್ಲಿ ಇದರ ಟಿಕ್ ತೆಗೆಯಿರಿ. ಅದಕ್ಕಿಂತ ಪಕ್ಕಾ ದಾರಿ, ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ /ಎಚ್ ಆಫ್ ಕೊಡುವುದು. ಹೈಬರ್ನೇಶನ್ನೂ ಫಾಸ್ಟ್ ಸ್ಟಾರ್ಟಪ್ಪೂ ಒಟ್ಟಿಗೇ ಹೋಗುತ್ತವೆ, ಕೆಲವು ಜಿಬಿ ಜಾಗವೂ ಬಿಡುಗಡೆಯಾಗುತ್ತದೆ.

ಮೂರನೆಯದು ಬಾಕಿ ಇರುವ ವಿಂಡೋಸ್ ಅಪ್‌ಡೇಟ್‌ಗಳನ್ನು ಮುಗಿಸಿ ಒಮ್ಮೆ ರೀಸ್ಟಾರ್ಟ್ ಮಾಡುವುದು. ಅಪ್‌ಡೇಟ್ ಅರ್ಧದಲ್ಲಿರುವಾಗ ಡಿಸ್ಕ್ ಕುಗ್ಗಿಸಲು ಹೋಗಬಾರದು.

ಸಿ ಡ್ರೈವ್ ಕುಗ್ಗಿಸುವುದು

ಎಷ್ಟು ಜಾಗ ಬಿಡಬೇಕು? ಉಬುಂಟು 24.04 ಕೇಳುವ ಕನಿಷ್ಠ 25 ಜಿಬಿ. ಅಷ್ಟನ್ನೇ ಕೊಟ್ಟರೆ ಸ್ನ್ಯಾಪ್ ಪ್ಯಾಕೇಜು, ಹಳೆಯ ಕರ್ನಲ್ಲು, ಅಪ್‌ಡೇಟುಗಳು ಸೇರಿ ಬೇಗನೆ ತುಂಬುತ್ತದೆ. 60 ಜಿಬಿಗಿಂತ ಕಡಿಮೆ ಕೊಡಬೇಡಿ. ಡಾಕರ್, ಆಂಡ್ರಾಯ್ಡ್ ಸ್ಟುಡಿಯೋ ಬಳಸುವವರು 100 ಜಿಬಿ ಇಟ್ಟುಕೊಳ್ಳಲಿ. ವಿಂಡೋಸಿಗೂ ಉಸಿರಾಡಲು ಜಾಗ ಬೇಕು: ಕುಗ್ಗಿದ ಮೇಲೆ ಸಿ ಡ್ರೈವಿನಲ್ಲಿ ಕನಿಷ್ಠ 40 ಜಿಬಿ ಖಾಲಿ ಉಳಿಯುವಂತೆ ನೋಡಿಕೊಳ್ಳಿ. ಇಲ್ಲವಾದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್‌ಗಳು ಅರ್ಧದಲ್ಲೇ ನಿಲ್ಲುತ್ತವೆ.

ನಮ್ಮ 512 ಜಿಬಿ ಡಿಸ್ಕಿಗೆ ಈ ಹಂಚಿಕೆ ಹೊಂದುತ್ತದೆ: ಸಿ ಡ್ರೈವಿಗೆ ಸುಮಾರು 255 ಜಿಬಿ, ಎರಡೂ ವ್ಯವಸ್ಥೆಗಳು ಬಳಸುವ ಡೇಟಾ ಪಾರ್ಟಿಶನ್ನಿಗೆ 120 ಜಿಬಿ, ಉಬುಂಟುವಿಗೆ 100 ಜಿಬಿ. ಅಂದರೆ ಸಿ ಡ್ರೈವಿನಿಂದ 220 ಜಿಬಿ ತೆಗೆಯಬೇಕು.

1. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ.
2. ಅಲ್ಲಿ ಎಂಬಿ ಲೆಕ್ಕದಲ್ಲಿ ಕೇಳುತ್ತದೆ. 220ನ್ನು 1024ರಿಂದ ಗುಣಿಸಿ, 225280 ಎಂದು ತುಂಬಿ. ಇದು ತೆಗೆಯಬೇಕಾದ ಜಾಗ, ಉಳಿಯಬೇಕಾದದ್ದಲ್ಲ. ಇಲ್ಲಿ ಅದಲುಬದಲು ಮಾಡುವವರು ಬಹಳ.
3. ಶ್ರಿಂಕ್ ಒತ್ತಿ ಕಾಯಿರಿ. ಮುಗಿದಾಗ ಸಿ ಮತ್ತು ರಿಕವರಿ ನಡುವೆ ಕಪ್ಪು ಪಟ್ಟಿಯೊಂದಿಗೆ ಅನ್‌ಅಲೊಕೇಟೆಡ್ ಎಂಬ ಜಾಗ ಕಾಣುತ್ತದೆ.
4. ಆ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಆರಿಸಿ, ಗಾತ್ರ 122880 ಎಂಬಿ, ಫೈಲ್‌ಸಿಸ್ಟಮ್ ಎನ್‌ಟಿಎಫ್‌ಎಸ್, ಹೆಸರು ಇಂಗ್ಲಿಷಿನಲ್ಲಿ ಡೇಟಾ ಎಂದು ಕೊಡಿ.
5. ಉಳಿದ 100 ಜಿಬಿಯನ್ನು ಹಾಗೇ ಬಿಡಿ. ಫಾರ್ಮ್ಯಾಟ್ ಮಾಡಬೇಡಿ, ಡ್ರೈವ್ ಅಕ್ಷರವನ್ನೂ ಕೊಡಬೇಡಿ.

ಡೇಟಾ ಪಾರ್ಟಿಶನ್ ಸಿ ಪಕ್ಕದಲ್ಲಿ ಬರುವುದಕ್ಕೆ ಕಾರಣವಿದೆ. ವಿಂಡೋಸ್ ಒಂದು ಪಾರ್ಟಿಶನ್ನನ್ನು ಅದರ ಬಲಕ್ಕೆ ಅಂಟಿಕೊಂಡ ಖಾಲಿ ಜಾಗಕ್ಕೆ ಮಾತ್ರ ಹಿಗ್ಗಿಸಬಲ್ಲದು. ಮುಂದೆ ಸಿ ಸಾಲದೆ ಬಂದರೆ ಡೇಟಾವನ್ನು ಬೇರೆಡೆಗೆ ಸಾಗಿಸಿ ಆ ಜಾಗ ಸೇರಿಸಿಕೊಳ್ಳಬಹುದು, ಉಬುಂಟುವನ್ನು ಮುಟ್ಟುವ ಅಗತ್ಯ ಬರುವುದಿಲ್ಲ.

ಸಿ ಡ್ರೈವಿನಲ್ಲಿ 300 ಜಿಬಿ ಖಾಲಿ ಇದ್ದರೂ ಶ್ರಿಂಕ್ ಪರದೆ 20 ಜಿಬಿ ಮಾತ್ರ ಸಾಧ್ಯ ಎನ್ನಬಹುದು. ಇಲ್ಲಿ ಕೈಚೆಲ್ಲಿ ಕೂರುವವರು, ಯಾವುದೋ ಉಚಿತ ಪಾರ್ಟಿಶನ್ ತಂತ್ರಾಂಶ ಇಳಿಸಿಕೊಳ್ಳುವವರು ಬಹಳ ಮಂದಿ. ಅದರ ಅಗತ್ಯವಿಲ್ಲ. ಪಾರ್ಟಿಶನ್ನಿನ ನಡುವೆ ಎಲ್ಲೋ ಜರುಗಿಸಲಾಗದ ಫೈಲೊಂದು ಕೂತಿರುತ್ತದೆ, ವಿಂಡೋಸ್ ಅದರಾಚೆಗೆ ಕುಗ್ಗಿಸಲಾರದು. ಮೇಲಿನ ಪವರ್‌ಸಿಎಫ್‌ಜಿ ಕಮಾಂಡ್ ಕೊಟ್ಟಿದ್ದರೆ ಹೈಬರ್ನೇಶನ್ ಫೈಲ್ ಹೋಗಿದೆ, ಉಳಿದವು ಪೇಜ್ ಫೈಲ್ ಮತ್ತು ಸಿಸ್ಟಮ್ ರಿಸ್ಟೋರ್. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ವರ್ಚುವಲ್ ಮೆಮೊರಿಗೆ ನೋ ಪೇಜಿಂಗ್ ಫೈಲ್ ಕೊಡಿ, ಸಿಸ್ಟಮ್ ಪ್ರೊಟೆಕ್ಶನ್ ಪುಟದಲ್ಲಿ ಸಿ ಡ್ರೈವಿನ ರಕ್ಷಣೆ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಕುಗ್ಗಿಸಿ. ಇಷ್ಟಾದರೂ ಜಗ್ಗದಿದ್ದರೆ ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗಿನಲ್ಲಿ 259 ಸಂಖ್ಯೆಯ ಈವೆಂಟ್ ಹುಡುಕಿ. ಅಡ್ಡ ಕೂತ ಫೈಲಿನ ಹೆಸರು ಅದರಲ್ಲೇ ಇರುತ್ತದೆ. ಕುಗ್ಗಿಸಿಯಾದ ಮೇಲೆ ಪೇಜ್ ಫೈಲನ್ನೂ ಸಿಸ್ಟಮ್ ಪ್ರೊಟೆಕ್ಶನ್ನನ್ನೂ ಮರೆಯದೆ ಮತ್ತೆ ಆನ್ ಮಾಡಿ.

ಇನ್ನೊಂದು ಆಸೆ ಬರುವುದುಂಟು: ಕೊನೆಯಲ್ಲಿರುವ ರಿಕವರಿ ಪಾರ್ಟಿಶನ್ ಅಳಿಸಿದರೆ ಒಂದಿಷ್ಟು ಜಾಗ ಸಿಗುತ್ತದಲ್ಲ ಎಂದು. ಬೇಡ. 2024ರ ಜನವರಿಯಲ್ಲಿ ಬಂದ ಒಂದು ವಿಂಡೋಸ್ 10 ಅಪ್‌ಡೇಟ್, ರಿಕವರಿ ಪಾರ್ಟಿಶನ್ನಿನಲ್ಲಿ 250 ಎಂಬಿ ಖಾಲಿ ಇಲ್ಲವೆಂಬ ಕಾರಣಕ್ಕೆ ಬಹಳಷ್ಟು ಯಂತ್ರಗಳಲ್ಲಿ ವಿಫಲವಾಯಿತು. ವಿಂಡೋಸ್ ಆ ಜಾಗವನ್ನು ನಿಜಕ್ಕೂ ಬಳಸುತ್ತದೆ.

ಪೆನ್‌ಡ್ರೈವ್ ತಯಾರಿ

ಉಬುಂಟುವಿನ ಅಧಿಕೃತ ತಾಣದಿಂದ 24.04ರ ಇತ್ತೀಚಿನ ಐಎಸ್‌ಓ (ಇಡೀ ಇನ್‌ಸ್ಟಾಲೇಶನ್ ಇರುವ ಒಂದೇ ಫೈಲು) ಇಳಿಸಿ, ಸುಮಾರು 6 ಜಿಬಿ ಇದೆ. ಹಳೆಯದು ಗೆಳೆಯರ ಬಳಿ ಇದ್ದರೂ ಹೊಸದೇ ಬೇಕು. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಹಳೆಯ ಲಿನಕ್ಸ್ ಬೂಟ್‌ಲೋಡರುಗಳನ್ನು (ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ತಂತ್ರಾಂಶಗಳು) ತಡೆಯುವ ನಿಯಮವೊಂದನ್ನು ಫರ್ಮ್‌ವೇರಿಗೆ ಬರೆದು, ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳು ಎಸ್‌ಬಿಎಟಿ ಎಂಬ ದೋಷ ತೋರಿಸಿ ನಿಂತುಬಿಟ್ಟವು. ಹಳೆಯ ಐಎಸ್‌ಓ ಪೆನ್‌ಡ್ರೈವುಗಳಿಗೂ ಅದೇ ಗತಿ.

ಇಳಿದ ಫೈಲ್ ಪೂರ್ತಿಯಾಗಿದೆಯೇ ಎಂದು ನೋಡಲು ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ಫೈಲಿನ ಹೆಸರು ಕೊಡಿ. ಬರುವ ಉದ್ದನೆಯ ಸಾಲು ತಾಣದಲ್ಲಿ ಕೊಟ್ಟ ಎಸ್‌ಎಚ್‌ಎ256 ಸಾಲಿಗೆ ಹೊಂದಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನಿಂತು ನಿಂತು ಇಳಿದ ಫೈಲುಗಳಿಗೆ ಈ ಪರೀಕ್ಷೆ ಖಂಡಿತ ಬೇಕು.

ಐಎಸ್‌ಓವನ್ನು ಪೆನ್‌ಡ್ರೈವಿಗೆ ಬರೆಯುವ ರೂಫಸ್ ಎಂಬ ತಂತ್ರಾಂಶ ತೆರೆದು ಪೆನ್‌ಡ್ರೈವ್ ಮತ್ತು ಐಎಸ್‌ಓ ಆರಿಸಿ, ಪಾರ್ಟಿಶನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಸಿಸ್ಟಮ್ ಯುಇಎಫ್‌ಐ ಇಟ್ಟು ಶುರು ಮಾಡಿ. ಐಎಸ್‌ಓ ಮೋಡೋ ಡಿಡಿ ಮೋಡೋ ಎಂದು ಕೇಳಿದರೆ ಐಎಸ್‌ಓ ಸಾಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ.

ಬೂಟ್ ಮೆನು ಮತ್ತು ಬಯೋಸ್

ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀಯನ್ನು ಪದೇ ಪದೇ ಒತ್ತಬೇಕು. ಡೆಲ್, ಲೆನೊವೊ, ಏಸರ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಮೆನುವನ್ನು ಮೊದಲು ಬಯೋಸಿನಲ್ಲಿ ಎನೇಬಲ್ ಮಾಡಬೇಕಾಗಬಹುದು. ಬಯೋಸಿಗೆ ಹೋಗಲು ಎಚ್‌ಪಿಯಲ್ಲಿ ಎಫ್10, ಉಳಿದವುಗಳಲ್ಲಿ ಸಾಮಾನ್ಯವಾಗಿ ಎಫ್2. ಕೀ ಹಿಡಿಯಲಾಗದಿದ್ದರೆ ವಿಂಡೋಸಿನಲ್ಲಿ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ಯೂಸ್ ಎ ಡಿವೈಸ್ ಆರಿಸಿದರೂ ಪೆನ್‌ಡ್ರೈವ್ ಸಿಗುತ್ತದೆ.

ಸಹಿ ಇಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕೆಂದು ಹಳೆಯ ವಿಡಿಯೋಗಳೆಲ್ಲ ಹೇಳುತ್ತವೆ. ಉಬುಂಟುವಿಗೆ ಅದು ಬೇಕಿಲ್ಲ. ಅದರ ಬೂಟ್‌ಲೋಡರಿಗೆ ಮೈಕ್ರೋಸಾಫ್ಟಿನ ಸಹಿ ಇದೆ. ಕೆಲವು ಹೊಸ ಲೆನೊವೊ ಯಂತ್ರಗಳಲ್ಲಿ ಮಾತ್ರ ಬಯೋಸಿನ ಸೆಕ್ಯುರಿಟಿ ವಿಭಾಗದಲ್ಲಿ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಸಿಎ ಎಂಬುದನ್ನು ಆನ್ ಮಾಡಬೇಕಾಗುತ್ತದೆ.

ಉಬುಂಟು ಪರದೆ ಬಂದ ಮೇಲೆ ಇನ್‌ಸ್ಟಾಲಿಗೆ ಹಾರದೆ ಮೊದಲು ಟ್ರೈ ಉಬುಂಟು ಆರಿಸಿ ಹತ್ತು ನಿಮಿಷ ಬಳಸಿ ನೋಡಿ. ವೈಫೈ, ಧ್ವನಿ, ಟಚ್‌ಪ್ಯಾಡ್, ಪರದೆಯ ಬೆಳಕು ಕೆಲಸ ಮಾಡುತ್ತಿವೆಯೇ? ವೈಫೈ ಸಿಗದಿದ್ದರೆ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ. ಚಾಲಕ ತಂತ್ರಾಂಶ ಇಳಿಸಲು ಅಷ್ಟು ಸಾಕು. ಡಿಸ್ಕ್ಸ್ ಎಂಬ ಆ್ಯಪ್ ತೆರೆದು ಎಸ್‌ಎಸ್‌ಡಿ ಕಾಣುತ್ತದೆಯೇ ಎಂದೂ ನೋಡಿ.

ಕಾಣದಿದ್ದರೆ ಬಯೋಸಿನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಮೋಡಿನಲ್ಲಿ ಇರುವ ಸಂಭವ ಹೆಚ್ಚು. ಅದನ್ನು ಎಎಚ್‌ಸಿಐಗೆ ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಕ್ರಮ ಹೀಗಿರಲಿ: ವಿಂಡೋಸಿಗೆ ಹಿಂತಿರುಗಿ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಪುಟದಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡುತ್ತಾ ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಿ, ವಿಂಡೋಸ್ ಸೇಫ್ ಮೋಡಿನಲ್ಲಿ ಒಮ್ಮೆ ಬೂಟ್ ಆಗಲಿ, ಆಮೇಲೆ ಆ ಟಿಕ್ ತೆಗೆಯಿರಿ. ಸೇಫ್ ಮೋಡಿನಲ್ಲಿ ಪಿನ್ ನಡೆಯದೆ ಹೋಗಬಹುದಾದ್ದರಿಂದ ಖಾತೆಯ ಪಾಸ್‌ವರ್ಡ್ ನೆನಪಿರಬೇಕು.

ಇನ್‌ಸ್ಟಾಲರಿನಲ್ಲಿ

ಭಾಷೆಯ ಪಟ್ಟಿಯಲ್ಲಿ ಕನ್ನಡ ಆರಿಸಬಹುದು. ಕೀಬೋರ್ಡಿಗೆ ಮಾತ್ರ ಈಗ ಇಂಗ್ಲಿಷನ್ನೇ ಇಡಿ. ಬಳಕೆದಾರರ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಕನ್ನಡ ಕೀಲಿಮಣೆಯಲ್ಲಿ ಕೊಟ್ಟ ಪಾಸ್‌ವರ್ಡನ್ನು ಲಾಗಿನ್ ಪರದೆಯಲ್ಲಿ ಮತ್ತೆ ಟೈಪ್ ಮಾಡುವುದು ಪೇಚಾಟ. ಮುಗಿದ ಮೇಲೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಕಗಪ ವಿನ್ಯಾಸ ಸೇರಿಸಿಕೊಳ್ಳಿ. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸವಿದ್ದವರಿಗೆ ಅದು ಕೈಗೆ ಕೂರುತ್ತದೆ.

ಡಿಸ್ಕಿನ ಹಂತದಲ್ಲಿ ಮೂರು ಆಯ್ಕೆ ಕಾಣಬಹುದು. ವಿಂಡೋಸ್ ಪಕ್ಕದಲ್ಲಿ ಇನ್‌ಸ್ಟಾಲ್ ಮಾಡು ಎಂಬುದು ಕೆಲಸ ಮಾಡುತ್ತದೆ, ಆದರೆ ಎಲ್ಲಿ ಎಷ್ಟು ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಇರೇಸ್ ಡಿಸ್ಕ್ ಎಂದರೆ ವಿಂಡೋಸ್ ಸಮೇತ ಎಲ್ಲ ಹೋಗುತ್ತದೆ. ನಮಗೆ ಬೇಕಾದದ್ದು ಮ್ಯಾನ್ಯುವಲ್.

ಪಟ್ಟಿ ಬಂದಾಗ ಹಾಳೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎನ್‌ವಿಎಂಇ ಡಿಸ್ಕ್ ಆದರೆ ಹೆಸರು ಎನ್‌ವಿಎಂಇ0ಎನ್1 ಎಂದೂ, ಸಾಟಾ ಆದರೆ ಎಸ್‌ಡಿಎ ಎಂದೂ ಇರುತ್ತದೆ. 107 ಜಿಬಿಯ ಖಾಲಿ ಜಾಗ ಆರಿಸಿ ಸೇರಿಸುವ ಗುಂಡಿ ಒತ್ತಿ, ಪೂರ್ತಿ ಗಾತ್ರ, ಫೈಲ್‌ಸಿಸ್ಟಮ್ ಇಎಕ್ಸ್‌ಟಿ4, ಮೌಂಟ್ ಪಾಯಿಂಟ್ (ಆ ಪಾಲು ಲಿನಕ್ಸಿನಲ್ಲಿ ತೆರೆಯುವ ಜಾಗ) ಒಂದು ಓರೆಗೆರೆ (/) ಕೊಡಿ. ಆ ಓರೆಗೆರೆಯೇ ರೂಟ್, ಲಿನಕ್ಸಿನ ಎಲ್ಲ ಫೋಲ್ಡರುಗಳ ಬೇರು.

ಬಳಕೆದಾರರ ಸ್ವಂತ ಫೈಲುಗಳಿರುವ ಹೋಮ್‌ಗೆ ಬೇರೆ ಪಾರ್ಟಿಶನ್ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಡೇಟಾ ಪಾರ್ಟಿಶನ್ ಪ್ರತ್ಯೇಕ ಇರುವಾಗ ಬೇಡ. ಜಾಗವನ್ನು ಸಣ್ಣ ಸಣ್ಣ ತುಂಡು ಮಾಡಿದಷ್ಟೂ ಒಂದು ತುಂಬಿ ಇನ್ನೊಂದು ಖಾಲಿ ಬೀಳುತ್ತದೆ. ಲಿನಕ್ಸನ್ನು ಆಗಾಗ ಬದಲಿಸುವವರಿಗೆ ಮಾತ್ರ ರೂಟ್ ಮತ್ತು ಹೋಮ್ ನಡುವೆ 50-50 ಹಂಚಿಕೆ ಅನುಕೂಲ. ರ‍್ಯಾಮ್ ಸಾಲದಾಗ ಬಳಕೆಯಾಗುವ ಸ್ವಾಪ್ ಪಾರ್ಟಿಶನ್ನೂ ಬೇಡ, ಉಬುಂಟು ರೂಟಿನೊಳಗೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಹೈಬರ್ನೇಟ್ ಮಾಡಲೇಬೇಕೆನ್ನುವವರು ರ‍್ಯಾಮಿನಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಸ್ವಾಪ್ ಕೊಡಬೇಕು.

ಈಗ ಇಡೀ ಕೆಲಸದಲ್ಲಿ ಎಚ್ಚರ ಹೆಚ್ಚು ಬೇಕಾದ ಜಾಗ. ಕೆಳಗೆ ಬೂಟ್‌ಲೋಡರ್ ಎಲ್ಲಿ ಹಾಕಬೇಕೆಂಬ ಆಯ್ಕೆಯಲ್ಲಿ ಇದೇ ಎಸ್‌ಎಸ್‌ಡಿ ಇರಲಿ. ಆಗ ಪಟ್ಟಿಯಲ್ಲಿ ಮೊದಲಿನ 100 ಅಥವಾ 260 ಎಂಬಿಯ ಫ್ಯಾಟ್32 ಪಾರ್ಟಿಶನ್ ಎದುರು ಬೂಟ್ ಇಎಫ್‌ಐ ಮೌಂಟ್ ಪಾಯಿಂಟ್ ಬಂದಿರುತ್ತದೆ. ಅದರ ಫಾರ್ಮ್ಯಾಟ್ ಟಿಕ್ ಖಾಲಿ ಇರಬೇಕು. ಟಿಕ್ ಬಿದ್ದರೆ ವಿಂಡೋಸಿನ ಬೂಟ್ ಫೈಲುಗಳು ಅಳಿದುಹೋಗುತ್ತವೆ. ಸಿ ಡ್ರೈವ್ ಹಾಗೇ ಇದ್ದರೂ ವಿಂಡೋಸ್ ಏಳುವುದಿಲ್ಲ. ಕೊನೆಯ ಪರದೆಯಲ್ಲಿ ಬದಲಾವಣೆಗಳ ಸಾರ ಬರುತ್ತದೆ. ಫಾರ್ಮ್ಯಾಟ್ ಆಗುವುದು ಒಂದೇ ಒಂದು, ಅದು ಇಎಕ್ಸ್‌ಟಿ4 ಎಂದಿದ್ದರೆ ಮುಂದುವರಿಯಿರಿ. ಅಲ್ಲಿಯವರೆಗೆ ಡಿಸ್ಕಿಗೆ ಏನೂ ಬರೆದಿರುವುದಿಲ್ಲ, ಅನುಮಾನ ಬಂದರೆ ಧೈರ್ಯವಾಗಿ ಹಿಂದಕ್ಕೆ ಹೋಗಬಹುದು.

ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ ಥರ್ಡ್ ಪಾರ್ಟಿ ತಂತ್ರಾಂಶದ ಟಿಕ್ ಹಾಕಿ. ಸೆಕ್ಯೂರ್ ಬೂಟಿಗಾಗಿ ಪಾಸ್‌ವರ್ಡ್ ಕೇಳಿದರೆ ಬರೆದಿಟ್ಟುಕೊಳ್ಳಿ. ಮೊದಲ ಬೂಟಿನಲ್ಲಿ ಬರುವ ನೀಲಿ ಪರದೆಯಲ್ಲಿ ಎನ್‌ರೋಲ್ ಎಂಓಕೆ ಆರಿಸಿ ಅದನ್ನೇ ಕೊಡಬೇಕು. ಅದನ್ನು ದಾಟಿ ಹೋದರೆ ಎನ್‌ವಿಡಿಯಾ ಚಾಲಕ ಲೋಡ್ ಆಗುವುದಿಲ್ಲ.

ಯಂತ್ರದಲ್ಲಿ ಎರಡು ಡಿಸ್ಕ್ ಹಾಕಲು ಜಾಗವಿದ್ದರೆ ಉಬುಂಟುವಿಗೆ ಪ್ರತ್ಯೇಕ ಡಿಸ್ಕ್ ಕೊಡುವುದು ಎಲ್ಲಕ್ಕಿಂತ ನೆಮ್ಮದಿ. ಎರಡನೆಯ ಡಿಸ್ಕಿನಲ್ಲಿ 512 ಎಂಬಿಯ ಹೊಸ ಇಎಫ್‌ಐ ಪಾರ್ಟಿಶನ್, ಉಳಿದದ್ದೆಲ್ಲ ರೂಟ್. ಬೂಟ್‌ಲೋಡರಿಗೂ ಆ ಡಿಸ್ಕನ್ನೇ ಆರಿಸಿ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರ ವ್ಯವಸ್ಥೆ ಅಲುಗುವುದಿಲ್ಲ.

ಮೊದಲ ಬೂಟಿನ ನಂತರ

ಗ್ರಬ್ ಮೆನುವಿನಲ್ಲಿ ಉಬುಂಟುವೂ ವಿಂಡೋಸ್ ಬೂಟ್ ಮ್ಯಾನೇಜರೂ ಕಾಣಬೇಕು. ಎರಡನ್ನೂ ಒಂದೊಂದು ಸಲ ತೆರೆದು ನೋಡಿ.

ವಿಂಡೋಸ್ ಕಾಣದಿದ್ದರೆ ಉಬುಂಟುವಿನಲ್ಲಿ ಇಟಿಸಿ ಫೋಲ್ಡರಿನೊಳಗಿನ ಡಿಫಾಲ್ಟ್ ಫೋಲ್ಡರಿನ ಗ್ರಬ್ ಫೈಲನ್ನು ಅಡ್ಮಿನ್ ಆಗಿ ತೆರೆಯಿರಿ. ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಎಂಬ ಸಾಲಿನ ಮುಂದಿನ ಹ್ಯಾಶ್ ಗುರುತು ತೆಗೆದು ಬೆಲೆ ಫಾಲ್ಸ್ ಇರಲಿ. ಉಳಿಸಿ, ಸುಡೋ ಅಪ್‌ಡೇಟ್-ಗ್ರಬ್ ಕೊಡಿ. ಮೆನುವೇ ಬಾರದೆ ನೇರ ವಿಂಡೋಸ್ ತೆರೆದರೆ ಬಯೋಸಿನ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮೇಲೆ ತನ್ನಿ. ಎಚ್‌ಪಿಯಲ್ಲಿ ಇದು ಓಎಸ್ ಬೂಟ್ ಮ್ಯಾನೇಜರ್ ಎಂಬ ಒಳಮೆನುವಿನಲ್ಲಿ ಅಡಗಿರಬಹುದು. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೂ ಈ ಕ್ರಮ ಬದಲಾಗುವುದುಂಟು. ಉಬುಂಟು ಅಳಿದುಹೋಯಿತೆಂದು ಗಾಬರಿಪಡಬೇಕಾಗಿಲ್ಲ.

ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುವುದು ಭಾರತದಲ್ಲಿ ಡ್ಯುಯಲ್ ಬೂಟ್ ಮಾಡಿದವರೆಲ್ಲ ಕಾಣುವ ತೊಂದರೆ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ (ಜಾಗತಿಕ ಮಾನಕ ಸಮಯ) ಎಂದು ಲಿನಕ್ಸ್ ತಿಳಿಯುತ್ತದೆ. ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಉಬುಂಟುವಿನಲ್ಲಿ ಕೊಟ್ಟರೆ ಎರಡೂ ಹೊಂದುತ್ತವೆ. ಅಮೆರಿಕ, ಬ್ರಿಟನ್ನಿನಲ್ಲಿರುವವರಿಗೆ ಈ ದಾರಿ ಸಲ್ಲದು. ಅಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಬದಲಾಗುವಾಗ ಎರಡೂ ವ್ಯವಸ್ಥೆಗಳು ತಿದ್ದಲು ಹೋಗಿ ಒಂದು ಗಂಟೆ ತಪ್ಪಬಹುದು. ಅವರು ವಿಂಡೋಸಿನ ರಿಜಿಸ್ಟ್ರಿಯಲ್ಲೇ ರಿಯಲ್ ಟೈಮ್ ಈಸ್ ಯೂನಿವರ್ಸಲ್ ಎಂಬ ಬೆಲೆಯನ್ನು 1 ಮಾಡುವುದು ಒಳ್ಳೆಯದು.

ಡೇಟಾ ಪಾರ್ಟಿಶನ್ ಪ್ರತಿ ಸಲ ತಾನಾಗಿ ತೆರೆಯಲು ಡಿಸ್ಕ್ಸ್ ಆ್ಯಪಿನಲ್ಲಿ ಅದನ್ನು ಆರಿಸಿ, ಎಡಿಟ್ ಮೌಂಟ್ ಆಪ್ಶನ್ಸ್‌ಗೆ ಹೋಗಿ ಯೂಸರ್ ಸೆಶನ್ ಡಿಫಾಲ್ಟ್ಸ್ ಆಫ್ ಮಾಡಿ. ದಾಖಲೆ, ಫೋಟೊ, ಹಾಡುಗಳಿಗೆ ಇದು ಚೆನ್ನ. ಪ್ರೋಗ್ರಾಮಿಂಗ್ ಪ್ರಾಜೆಕ್ಟುಗಳನ್ನು ಇಲ್ಲಿಡಬೇಡಿ. ಲಿನಕ್ಸಿನ ಫೈಲ್ ಪರ್ಮಿಶನ್ ಎನ್‌ಟಿಎಫ್‌ಎಸ್‌ನಲ್ಲಿ ಸರಿಯಾಗಿ ಕೂರುವುದಿಲ್ಲ, ಸ್ಕ್ರಿಪ್ಟುಗಳು ಓಡದೆ ತಲೆನೋವಾಗುತ್ತದೆ. ಫೈಲಿನ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಹಾಕಬೇಡಿ. ಲಿನಕ್ಸ್ ಒಪ್ಪಿದರೂ ವಿಂಡೋಸ್ ಅಂತಹ ಫೈಲ್ ತೆರೆಯುವುದಿಲ್ಲ. ಪಾರ್ಟಿಶನ್ ಇದ್ದಕ್ಕಿದ್ದಂತೆ ಓದಲು ಮಾತ್ರ ಸಿಗತೊಡಗಿದರೆ ಫಾಸ್ಟ್ ಸ್ಟಾರ್ಟಪ್ ಮತ್ತೆ ಆನ್ ಆಗಿದೆಯೇ ನೋಡಿ, ವಿಂಡೋಸಿನಲ್ಲಿ ಆ ಡ್ರೈವಿಗೆ ಎರರ್ ಚೆಕಿಂಗ್ ನಡೆಸಿ.

ಮುಂದೆ ಉಬುಂಟು ತೆಗೆಯಬೇಕಾದರೆ

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಪಾರ್ಟಿಶನ್ ಅಳಿಸುವುದರಿಂದ ಶುರು ಮಾಡಬಾರದು. ಗ್ರಬ್ ತನ್ನ ಸೆಟ್ಟಿಂಗ್ ಫೈಲುಗಳನ್ನು ಹುಡುಕುವುದು ಉಬುಂಟು ಪಾರ್ಟಿಶನ್ನಿನಲ್ಲೇ. ಅದು ಹೋದರೆ ಮುಂದಿನ ಬೂಟಿನಲ್ಲಿ ಗ್ರಬ್‌ನ ಕಪ್ಪು ಪರದೆ ನಿಲ್ಲುತ್ತದೆ. ಮೊದಲು ಬಯೋಸಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ವಿಂಡೋಸ್ ನೇರವಾಗಿ ತೆರೆಯುತ್ತದೆಯೇ ಎಂದು ನೋಡಿ. ಆಮೇಲೆ ಹಾಳೆಯಲ್ಲಿ ಬರೆದ 100 ಜಿಬಿ ಪಾರ್ಟಿಶನ್ನನ್ನು ಮಾತ್ರ ಅಳಿಸಿ, ಪಕ್ಕದ ಡೇಟಾವನ್ನು ಎಕ್ಸ್‌ಟೆಂಡ್ ವಾಲ್ಯೂಮ್‌ನಿಂದ ಹಿಗ್ಗಿಸಿ. ಇಎಫ್‌ಐ ಪಾರ್ಟಿಶನ್ನಿನಲ್ಲಿ ಉಳಿಯುವ ಉಬುಂಟು ಫೋಲ್ಡರ್ ಕೆಲವೇ ಎಂಬಿ, ಹಾಗೇ ಇದ್ದರೂ ಬಾಧಕವಿಲ್ಲ. ಅವಸರದಲ್ಲಿ ಪಾರ್ಟಿಶನ್ ಅಳಿಸಿ ಸಿಕ್ಕಿಕೊಂಡವರು ಬೂಟ್ ಮೆನುವಿನಿಂದ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ ಒಳಹೋಗಬಹುದು. ಅದೂ ಆಗದಿದ್ದರೆ ಮೊದಲೇ ಮಾಡಿಟ್ಟ ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ರಿಪೇರ್ ಆಯ್ಕೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಬಿಸಿಡಿಬೂಟ್ ಸಿ:\ವಿಂಡೋಸ್ ಎಂದು ಕೊಡಿ. ಅಲ್ಲಿ ವಿಂಡೋಸ್ ಪಾರ್ಟಿಶನ್ನಿಗೆ ಸಿ ಬದಲು ಬೇರೆ ಅಕ್ಷರ ಬಂದಿರಬಹುದು, ಡಿಐಆರ್ ಕಮಾಂಡಿನಿಂದ ಮೊದಲು ಖಚಿತಪಡಿಸಿಕೊಳ್ಳಿ.